ಹೆಬ್ಬಾಗಿಲ ಜಗಲಿ

1565ರಲ್ಲಿ ವಿಜಯನಗರ ಕುಸಿಯಿತು. ದೂರದ ಸಿಂಹಾಸನದ ಬಿಗಿ ಸಡಿಲವಾಗುತ್ತಲೇ ತುಮಕೂರು ಸೀಮೆಯ ಪಾಳೆಯಗಾರರು ಬಲಗೊಂಡರು. ಆ ಸೀಮೆಯ ಬೆಳ್ಳಾವಿಯ ಬಯಲಿಗೆ ಮೂಡಣದಲ್ಲಿ ದೇವರಾಯನದುರ್ಗ, ಬಡಗಣದಲ್ಲಿ ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ. ಬಯಲಿನವರು ಬೆಳೆದರು, ದುರ್ಗದವರು ಆಳಿದರು. ಇಬ್ಬರೂ ಎದುರುಬದುರಾಗುತ್ತಿದ್ದ ಜಾಗ ಕೋಟೆಯ ಹೆಬ್ಬಾಗಿಲು.

ಪಾಳೆಯಗಾರ ರಾಜಾ ಹಿರೇಗೌಡ ಮಧುಗಿರಿಯಲ್ಲಿ ಮೊದಲು ಕಟ್ಟಿಸಿದ್ದು ಮಣ್ಣಿನ ಕೋಟೆ. ಮಧುಗಿರಿ ಒಂದೇ ಬಂಡೆಯ ಬೆಟ್ಟ. ಗೋಡೆಗಿಂತ ಕಡಿದಾದ ಬಂಡೆಯೇ ಕೋಟೆಗೆ ಕಾವಲು. ಆದುದರಿಂದ ಏರುವ ದಾರಿಯನ್ನು ಹಿಡಿದಿಟ್ಟ ಬಾಗಿಲುಗಳಿಗೇ ಇಲ್ಲಿ ಮಹತ್ವ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಆ ಕಾಲದ ಶಿಲ್ಪಿಗಳು ಸಾಮಾನ್ಯವಾಗಿ ಹೆಬ್ಬಾಗಿಲನ್ನು ದಾರಿಗೆ ನೇರವಾಗಿ ಇಡುತ್ತಿರಲಿಲ್ಲ. ದಾರಿಯನ್ನು ಕೊತ್ತಲದ ಪಕ್ಕಕ್ಕೆ ತಿರುಗಿಸಿ, ಬಾಗಿಲನ್ನು ಆ ತಿರುವಿನ ಒಳಗೆ ಮರೆಮಾಡುತ್ತಿದ್ದರು. ಓಡಿಬಂದ ಆನೆಗೆ ಗುದ್ದಲು ಜಾಗ ಸಿಗದು, ದಂಡಿಗೆ ಒಟ್ಟಾಗಿ ನುಗ್ಗಲು ಆಗದು. ಮರದ ಕದಗಳಿಗೆ ಕಬ್ಬಿಣದ ಮುಳ್ಳು. ಒಳಗಿನಿಂದ ಗೋಡೆಯ ತೂತಿಗೆ ಸೇರುವ ಅಗಳಿ. ಮುಸ್ಸಂಜೆಗೆ ಹೆಬ್ಬಾಗಿಲು ಮುಚ್ಚಿದ ಮೇಲೆ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ನುಸುಳಬೇಕಾದ ದಿಡ್ಡಿಯೇ ಗತಿ.

ಹೊರಗೆ ಇಷ್ಟು ಕಠಿಣವಾದ ಬಾಗಿಲು ಒಳಗೆ ಬೇರೆಯೇ ಮುಖ ತೋರುತ್ತದೆ. ಎಡಬಲಕ್ಕೆ ಎತ್ತರದ ಕಲ್ಲಿನ ಜಗಲಿ, ಕಂಬಸಾಲು, ಮೇಲೆ ಚಪ್ಪಡಿಯ ಸೂರು, ದೀಪಕ್ಕೊಂದು ಗೂಡು. ಇದು ಪಹರೆಯವರ ಠಾವು. ಹೋಲಿಕೆಗೆ ಹೇಳುವುದಾದರೆ, ಸ್ಕಾಟ್ಲೆಂಡಿನ ಜಹಗೀರುಗಳಲ್ಲಿ ಒಡೆಯನ ಬಂಗಲೆಯ ದಾರಿ ಶುರುವಾಗುವಲ್ಲೇ ಕಾವಲಿನವನ ಸಂಸಾರಕ್ಕೆಂದು ಪುಟ್ಟ ಕಲ್ಲಿನ ಮನೆ ಕಟ್ಟುತ್ತಿದ್ದರು. ಬಂದವರಿಗೆ ಒಡೆಯನ ಅಂತಸ್ತಿನ ಮೊದಲ ಪರಿಚಯ ಅಲ್ಲೇ. ನಮ್ಮ ದುರ್ಗಗಳಲ್ಲಿ ಹಾಗೆ ಬೇರೆ ಮನೆಯಿಲ್ಲ. ಪಾಳಿಯ ಹೊತ್ತು ಮುಗಿಯುವವರೆಗೆ ಆಳಿಗೆ ಬಾಗಿಲೇ ಮನೆ.

1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಸೇನೆ ಮಧುಗಿರಿಯನ್ನು ಗೆದ್ದಿತು. ಮುಂದೆ ಹೈದರಾಲಿ ಕೋಟೆಯನ್ನು ವಿಸ್ತರಿಸಿ ಭದ್ರಪಡಿಸಿದ. 1763ರಲ್ಲಿ ಕೆಳದಿಯ ರಾಜಧಾನಿ ಬಿದನೂರನ್ನು ಹಿಡಿದ ಅವನು ಅಲ್ಲಿನ ರಾಣಿ ವೀರಮ್ಮಾಜಿಯನ್ನು ಇಲ್ಲೇ ಸೆರೆಯಲ್ಲಿಟ್ಟ. ಮಲೆನಾಡನ್ನು ಆಳಿದ ಆ ತಾಯಿಗೆ ಮಧುಗಿರಿಯ ಬಾಗಿಲು ಒಳಗಿನಿಂದ ಕಂಡಿತು; ಶತ್ರುವನ್ನು ತಡೆಯಲೆಂದು ಕಟ್ಟಿದ ಕದ ರಾಣಿಯೊಬ್ಬಳನ್ನು ತಡೆಯಿತು. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ದಂಡು ಕೋಟೆಯನ್ನು ವಶಪಡಿಸಿಕೊಂಡಾಗಲೇ ಆಕೆಗೆ ಬಿಡುಗಡೆ. ಪುಣೆಯ ದಾರಿಯಲ್ಲೇ ಆಕೆ ಕೊನೆಯುಸಿರೆಳೆದಳೆಂದು ಇತಿಹಾಸ ಹೇಳುತ್ತದೆ.

ಗೌಡರು, ಒಡೆಯರು, ನವಾಬರು, ಪೇಶ್ವೆಗಳು ಈ ಬಾಗಿಲುಗಳಲ್ಲಿ ಹಾದುಹೋದರು. ಅವರ ಹೆಸರುಗಳು ಗ್ರಂಥಗಳಲ್ಲಿವೆ. ಬಾಗಿಲು ತೆರೆದವರ, ಮುಚ್ಚಿದವರ, ರಾತ್ರಿಯಿಡೀ ಎಚ್ಚರವಿದ್ದವರ ಹೆಸರು ಎಲ್ಲೂ ಇಲ್ಲ. ಅವರಿಗಾಗಿ ರಾಜ್ಯ ಕಟ್ಟಿಸಿದ್ದು ಜಗಲಿಯೊಂದೇ; ಅವರ ಬದುಕಿಗೆ ಇರುವ ಸಾಕ್ಷಿಯೂ ಅದೊಂದೇ. ನಮ್ಮ ಸೀಮೆಯ ಕೋಟೆಗಳನ್ನು ದುರಸ್ತಿ ಮಾಡುವವರು ಬುರುಜು, ಕೊತ್ತಲಗಳಿಗೆ ತೋರುವ ಮುತುವರ್ಜಿಯನ್ನು ಈ ಜಗಲಿಗಳಿಗೂ ತೋರಲಿ. ಸಿಮೆಂಟು ಮೆತ್ತದೆ, ಕಲ್ಲು ಕದಲಿಸದೆ, ಇದ್ದಂತೆಯೇ ಉಳಿಸಲಿ. ಆಳಿದವರ ಋಣವನ್ನು ಗ್ರಂಥಗಳು ತೀರಿಸಿವೆ. ಕಾದವರ ಋಣ ಇನ್ನೂ ನಮ್ಮ ಮೇಲಿದೆ.