ಉಡುಗೆಗೆ ವಿಧಿಸಿದ ಶಿಕ್ಷೆ

ಯುದ್ಧದಲ್ಲಿ ಗೆದ್ದವನಿಗೆ ಸೋತವನ ಕತ್ತಿಯನ್ನು ಕಸಿದುಕೊಂಡರೂ ಸಮಾಧಾನವಿರುವುದಿಲ್ಲ. ಅವನು ಉಟ್ಟ ಬಟ್ಟೆಯನ್ನು ಕಂಡರೂ ಅಂಜಿಕೆ. 18ನೆಯ ಶತಮಾನದ ಸ್ಕಾಟ್ಲೆಂಡಿನ ಚರಿತ್ರೆ ಇದಕ್ಕೊಂದು ನಿದರ್ಶನ.

ಆ ದೇಶದ ಬೆಟ್ಟಗುಡ್ಡಗಳ ಸೀಮೆಗೆ ಹೈಲೆಂಡ್ಸ್ ಎಂದು ಹೆಸರು. ಅಲ್ಲಿಯ ಗಂಡಸರು ಚೌಕುಳಿಯ ಉಣ್ಣೆಯ ಉದ್ದವಾದ ವಸ್ತ್ರವನ್ನು ನಿರಿಗೆ ಹಿಡಿದು ಸೊಂಟಕ್ಕೆ ಸುತ್ತಿ, ಮಿಕ್ಕುದನ್ನು ಹೆಗಲಿಗೇರಿಸುತ್ತಿದ್ದರು. ಹಗಲಿನ ಉಡುಗೆಯೇ ಇರುಳಿನ ಹೊದಿಕೆ. ನಮ್ಮ ಕುರುಬರಿಗೆ ಕಂಬಳಿ ಹೇಗೋ, ಆ ಬಡವರಿಗೆ ಅದು ಹಾಗೆ.

1745ರಲ್ಲಿ, ಸಿಂಹಾಸನ ಕಳೆದುಕೊಂಡಿದ್ದ ಸ್ಟುಅರ್ಟ್ ಮನೆತನದ ರಾಜಕುಮಾರ ಚಾರ್ಲ್ಸ್ ದಂಗೆಯೆದ್ದಾಗ ಅಲ್ಲಿಯ ಹಲವು ಕುಲಗಳು ಅವನ ಬೆನ್ನಿಗೆ ನಿಂತವು. 1746ರ ಏಪ್ರಿಲ್ 16ರಂದು ಎರಡನೆಯ ಜಾರ್ಜ್ ದೊರೆಯ ಮಗ, ಕಂಬರ್ಲೆಂಡಿನ ಡ್ಯೂಕ್, ಕಲೊಡೆನ್ ಬಯಲಿನಲ್ಲಿ ಅವರನ್ನು ಧೂಳೀಪಟ ಮಾಡಿದನು. ಆಯುಧಗಳನ್ನು ಕಿತ್ತುಕೊಂಡ ಪಾರ್ಲಿಮೆಂಟು ಅಷ್ಟಕ್ಕೇ ತೃಪ್ತವಾಗಲಿಲ್ಲ. ಗಂಡಸಾಗಲಿ ಹುಡುಗನಾಗಲಿ ಇನ್ನು ಹೈಲೆಂಡಿನ ಉಡುಗೆ ತೊಡಕೂಡದೆಂದು ಶಾಸನ ಮಾಡಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ; ಎರಡನೆಯದಕ್ಕೆ ಏಳು ವರ್ಷ ಸಾಗರದಾಚೆಯ ತೋಟಗಳಿಗೆ ಗಡೀಪಾರು! ದೊರೆಯ ಪಕ್ಷ ವಹಿಸಿ ಕಾದಾಡಿದ ಕ್ಯಾಂಬೆಲ್ ಕುಲದವರಿಗೂ ವಿನಾಯಿತಿಯಿಲ್ಲ. ರಾಜದ್ರೋಹ ಮನಸ್ಸಿನಲ್ಲಿರುತ್ತದೆಯೋ ಮೈಮೇಲಿನ ಬಟ್ಟೆಯಲ್ಲಿಯೋ ಎಂಬ ಪ್ರಶ್ನೆಯನ್ನು ಶಾಸನಕರ್ತರು ಕೇಳಿಕೊಂಡಂತಿಲ್ಲ.

ಒಬ್ಬನಿಗೆ ಮಾತ್ರ ರಿಯಾಯಿತಿಯಿತ್ತು: ದೊರೆಯ ಸೈನ್ಯ ಸೇರಿದವನಿಗೆ. ಊರಿನಲ್ಲಿ ಅಪರಾಧವಾದ ಉಡುಗೆ ದಂಡಿನಲ್ಲಿ ಸಮವಸ್ತ್ರವಾಯಿತು. ಈ ನಿಷೇಧವಿದ್ದ ಕಾಲದಲ್ಲಿಯೇ, 1777ರಲ್ಲಿ, ಕೂಡಿಸಿದ ಒಂದು ಹೈಲೆಂಡ್ ಪಡೆಯ ಭಟರು 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರನ ಸೇನೆಗೆ ಎದುರಾದರು. ಅಲ್ಲಿ ಸೆರೆಸಿಕ್ಕ ಅದರ ಅಧಿಕಾರಿ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದ ಬಂದಿಯಾಗಿದ್ದುದನ್ನೂ, 1799ರಲ್ಲಿ ಅದೇ ಕೋಟೆಗೆ ಲಗ್ಗೆಯಿಟ್ಟವರ ಮುಂದಾಳಾಗಿ ಬಂದುದನ್ನೂ ವಾಚಕರು ಬಲ್ಲರು.

1782ರಲ್ಲಿ ಶಾಸನ ರದ್ದಾಯಿತು. ಆದರೆ ಮೂವತ್ತೈದು ವರ್ಷವೆಂದರೆ ಒಂದು ತಲೆಮಾರು. ಮಕ್ಕಳು ಷರಾಯಿ ತೊಟ್ಟೇ ಬೆಳೆದಿದ್ದರು. ಹಳೆಯ ಉಡುಗೆಯನ್ನು ಅಕ್ಕರೆಯಿಂದ ಮರಳಿ ತೊಟ್ಟವರಲ್ಲಿ ಶ್ರೀಮಂತರೂ ಲಂಡನ್ನಿನ ಸಂಘದವರೂ ಮುಂದಾದರು. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟನು ಉತ್ಸವದ ಸೂತ್ರಧಾರ. ದೊರೆಯೇ ಚೌಕುಳಿಯ ಕಿಲ್ಟು ತೊಟ್ಟು ಮೆರೆದನು. ಕಲೊಡೆನ್ನಿನ ಕಂಬರ್ಲೆಂಡ್ ಇವನ ಅಜ್ಜನ ತಮ್ಮ! ಅದೇ ವರ್ಷಗಳಲ್ಲಿ ಜಮೀನುದಾರರು ಕುರಿಗಳನ್ನು ಮೇಯಿಸಲೆಂದು ಹೈಲೆಂಡಿನ ಒಕ್ಕಲುಗಳನ್ನು ಕಣಿವೆಗಳಿಂದ ಹೊರಡಿಸುತ್ತಿದ್ದರು.

ಯುರೋಪಿನಲ್ಲಿ ಈ ವಿವಾದ ಮುಗಿದಿಲ್ಲ. ಫ್ರಾನ್ಸು 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನೂ, 2010ರ ಶಾಸನದಿಂದ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮರೆಸುವ ಉಡುಪನ್ನೂ ನಿಷೇಧಿಸಿತು. ಅಲ್ಲಿ ಮುಂದಿಟ್ಟ ಕಾರಣಗಳು ಬೇರೆ. ದಂಗೆಯ ಭಯವಲ್ಲ, ಮತಾತೀತ ರಾಜ್ಯದ ಆದರ್ಶ, ಸಹಜೀವನದ ನಿಯಮ. ಆದರೂ ಇಂತಹ ಶಾಸನಗಳನ್ನು ತೂಗುವಾಗ ಹೈಲೆಂಡಿನ ಬಡವನನ್ನು ನೆನೆಯಬೇಕು. ಅವನ ಹೊದಿಕೆ ಕೊನೆಗೆ ಅರಸನ ಅಲಂಕಾರವಾಗಿ ಉಳಿಯಿತು. ಅದನ್ನು ಹೊದೆದು ಮಲಗುತ್ತಿದ್ದವನಿಗೆ ನೆಲವೇ ಉಳಿಯಲಿಲ್ಲ.