ಯಾರ ಕೈ ಅಡಿಗಿ? ಖಾನಾವಳಿಗಳ ಹಿಂದಿನ ಕಥೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ತಿರುಗಾಡಿದವರಿಗೆ ‘ಲಿಂಗಾಯತ ಖಾನಾವಳಿ’ ಎಂಬ ಬೋರ್ಡು ಹೊಸದಲ್ಲ. ಬೆಂಗಳೂರಿನಿಂದ ಬಂದವರು ಅದನ್ನು ಓದಿ ಬೆಚ್ಚುವುದುಂಟು: ಹೋಟೆಲಿಗೂ ಜಾತಿಯೇ? ಊರಿನವರಿಗೆ ಇಂದು ಅದರ ಅರ್ಥ ಇಷ್ಟೇ: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಳಗೆ ಬಂದವರ ಕುಲ ಕೇಳುವವರಿಲ್ಲ. ಆದರೆ ಈ ಬೋರ್ಡು ಹುಟ್ಟಿದ್ದು ರುಚಿಯನ್ನು ಸಾರುವುದಕ್ಕಲ್ಲ. ಹಸಿದು ಬಂದ ಪರಊರಿನವನು ಹೊಸ್ತಿಲಲ್ಲೇ ನಿಂತು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಅದು ಉತ್ತರ. ಅಡಿಗಿ ಯಾರ ಕೈಯಾಗಿಂದು?

ಇಂಥ ಬೋರ್ಡು ನಮ್ಮಲ್ಲಿ ಮಾತ್ರ ಇತ್ತೆಂದುಕೊಳ್ಳಬೇಕಿಲ್ಲ. ಇಂಗ್ಲೆಂಡಿನ ದಕ್ಷಿಣ ದಂಡೆಯ ಬೋರ್ನ್‌ಮತ್‌ನಲ್ಲಿ ಯಹೂದಿ ಕುಟುಂಬಗಳು ರಜೆ ಕಳೆಯಲೆಂದೇ ‘ಗ್ರೀನ್ ಪಾರ್ಕ್’ನಂಥ ಕೋಷರ್ ಹೋಟೆಲುಗಳಿದ್ದವು. ಅಮೆರಿಕದಲ್ಲಿ ಕ್ಯಾಟ್ಸ್‌ಕಿಲ್ ಬೆಟ್ಟಗಳ ‘ಗ್ರಾಸಿಂಜರ್ಸ್’ ಇತ್ತು. ಕೋಷರ್ ಅಡುಗೆಮನೆ ಎಂದರೆ ಹಾಲಿಗೆ ಬೇರೆ ಪಾತ್ರೆ, ಮಾಂಸಕ್ಕೆ ಬೇರೆ ಪಾತ್ರೆ. ಹಂದಿ ಮಾಂಸ, ಸೀಗಡಿ, ಏಡಿ ಹತ್ತಿರ ಸುಳಿಯುವಂತಿಲ್ಲ. ಪಾಸೋವರ್ ಹಬ್ಬ ಬಂದರೆ ಆ ಎಂಟು ದಿನಕ್ಕೆ ಪಾತ್ರೆಗಳೇ ಬೇರೆ. ನಿಯಮ ಒಂದು ಕಾರಣ. ಮುಚ್ಚಿದ ಬಾಗಿಲು ಇನ್ನೊಂದು. 1877ರಲ್ಲಿ ಅಮೆರಿಕದ ಸಾರಟೋಗದ ಗ್ರ್ಯಾಂಡ್ ಯೂನಿಯನ್ ಹೋಟೆಲು ಜೋಸೆಫ್ ಸೆಲಿಗ್‌ಮನ್ ಎಂಬ ಹೆಸರಾಂತ ಬ್ಯಾಂಕರನನ್ನೇ ಯಹೂದಿ ಎಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ.

ನಮ್ಮ ಖಾನಾವಳಿಗಳ ಕಥೆಯಲ್ಲೂ ಈ ಎರಡು ಎಳೆಗಳಿವೆ. ಆದರೆ ಇಲ್ಲಿ ಬಾಗಿಲು ಕಟ್ಟಿದವರು ಯಾರು, ಹೊರಗೆ ಉಳಿದವರು ಯಾರು ಎಂಬ ಲೆಕ್ಕ ಸ್ವಲ್ಪ ತೊಡಕಿನದು.

ನೂರು ವರ್ಷದ ಹಿಂದೆ ಈ ಸೀಮೆ ಒಂದೇ ಆಳ್ವಿಕೆಯಲ್ಲಿರಲಿಲ್ಲ. ಜಮಖಂಡಿಯಲ್ಲಿ ಬ್ರಾಹ್ಮಣ ಪಟವರ್ಧನರು, ಮುಧೋಳದಲ್ಲಿ ಮರಾಠಾ ಘೋರ್ಪಡೆಯವರು. ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಸಂಸ್ಥಾನಗಳು ಮುಂಬೈ ಪ್ರಾಂತಕ್ಕೆ ಸೇರಿದ್ದು 1948ರಲ್ಲಿ. ಅಲ್ಲಿಯತನಕ ಕೋರ್ಟು-ಕಚೇರಿ, ಕಾಗದಪತ್ರ, ಮೇಲಿನ ಶಾಲೆ ಎಂದರೆ ಇಲ್ಲಿನವರ ಮುಖ ಸಾಂಗ್ಲಿ, ಕೊಲ್ಹಾಪುರ, ಪುಣೆಯ ಕಡೆಗೆ. ಖಾನಾವಳಿಯ ಪದ್ಧತಿಯೂ ಆ ದಿಕ್ಕಿನಿಂದಲೇ ಬಂತು.

ಅದಕ್ಕೂ ಮುಂಚೆ ಬುತ್ತಿ ಇತ್ತು. ಹೊರಗೆ ಹೊರಟವನ ಗಂಟಿನಲ್ಲಿ ವಾರಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಂದು ಉಳ್ಳಾಗಡ್ಡಿ. ಹಳ್ಳದ ದಂಡೆಯಲ್ಲಿ ಕೂತು ಬಿಚ್ಚಿದರೆ ಯಾರ ಹಂಗೂ ಇಲ್ಲ. ಕಟಕ ರೊಟ್ಟಿ ಇಷ್ಟು ಬಾಳಿದ್ದರ ಹಿಂದೆ ಜೋಳದ ಗುಣದಷ್ಟೇ ಮಡಿ-ಮೈಲಿಗೆಯ ಭಯವೂ ಇದ್ದಿರಬೇಕು. ಆದರೆ ಸಂತೆಗೆ ಬಂದವನಿಗೆ ಸಾಕಾದ ಬುತ್ತಿ ತಿಂಗಳುಗಟ್ಟಲೆ ಉಳಿಯುವ ಗುಮಾಸ್ತನಿಗೆ, ಮಗ್ಗದ ಕೆಲಸಕ್ಕೆ ಬಂದ ಹುಡುಗನಿಗೆ, ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಲೆಕ್ಕ ಬರೆಯುವವನಿಗೆ ಸಾಲದು.

ಅವನು ಎಲ್ಲಿ ಉಣ್ಣಬೇಕು? ಬ್ರಾಹ್ಮಣರ ಕೈ ಅಡುಗೆ ಬಹುತೇಕ ಎಲ್ಲರಿಗೂ ನಡೆಯುತ್ತದೆ ಎಂಬ ನಂಬಿಕೆಯೇ ಉಡುಪಿ ಹೋಟೆಲುಗಳ ಬಂಡವಾಳವಾಗಿತ್ತು. ಈ ಲೆಕ್ಕ ಆಚಾರವಂತ ಲಿಂಗಾಯತರ ಮುಂದೆ ನಿಲ್ಲಲಿಲ್ಲ. ಇಷ್ಟಲಿಂಗ ಪೂಜೆ ಮುಗಿಸಿ ಉಣ್ಣುವವನಿಗೆ ಲಿಂಗವಿಲ್ಲದ ‘ಭವಿ’ಯ ಕೈ ಅಡುಗೆ ಸಲ್ಲದು, ಅವನು ಬ್ರಾಹ್ಮಣನಾದರೂ ಸರಿ. ಅತ್ತ ಬ್ರಾಹ್ಮಣನೂ ಲಿಂಗಾಯತರ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ತೇರದಾಳದ ಕಡೆಯ ಜೈನರಿಗೆ ಗಡ್ಡೆ-ಗೆಣಸು ಬೇಡ, ಹೊತ್ತು ಮುಳುಗಿದ ಮೇಲೆ ಊಟವೇ ಬೇಡ. ಸಾವಜಿ ಸಮುದಾಯದವರದು ಮಾಂಸದ ಖಾರದ ಅಡುಗೆ, ಅವರ ಖಾನಾವಳಿಯೇ ಬೇರೆ. ಒಂದು ಪೇಟೆಯ ಹಸಿವಿಗೆ ಇಷ್ಟೊಂದು ಒಲೆಗಳು ಬೇಕಾದವು.

ಈ ಒಲೆಗಳ ಮುಂದೆ ಕೂತವರು ಹೆಚ್ಚಾಗಿ ಹೆಂಗಸರು. ಗಂಡನನ್ನು ಕಳೆದುಕೊಂಡವಳು, ಹೊಲ ಇಲ್ಲದವಳು ತನ್ನ ಪಡಸಾಲೆಯಲ್ಲೇ ನಾಲ್ಕು ಮಂದಿಗೆ ತಿಂಗಳ ಲೆಕ್ಕದಲ್ಲಿ ಬಡಿಸಿದರೆ ಅದೇ ಖಾನಾವಳಿ. ಮುಂಬೈಯಲ್ಲಿ ಗಿರಣಿ ಕಾರ್ಮಿಕರಿಗೆ ಹೀಗೆ ಉಣಬಡಿಸುತ್ತಿದ್ದ ಹೆಂಗಸರನ್ನು 1975ರಲ್ಲಿ ಪ್ರೇಮಾ ಪುರವ ಅವರು ‘ಅನ್ನಪೂರ್ಣಾ ಮಹಿಳಾ ಮಂಡಳ’ವಾಗಿ ಒಗ್ಗೂಡಿಸಿ ಬ್ಯಾಂಕಿನ ಸಾಲ ಕೊಡಿಸಿದರು. ನಮ್ಮ ಕಡೆಯ ರೊಟ್ಟಿ ಬಡಿಯುವ ಕೈಗಳಿಗೆ ಅಂಥ ಸಂಘಟನೆಯ ಹೆಸರು ದಕ್ಕಲಿಲ್ಲ. ಬೋರ್ಡಿನ ಮೇಲೆ ಜಾತಿಯ ಹೆಸರೋ ದೇವರ ಹೆಸರೋ ಬಂತು.

ಓದುವ ಹುಡುಗರ ಊಟಕ್ಕೂ ಇದೇ ಗಂಟು. ಕೊಲ್ಹಾಪುರದ ಶಾಹೂ ಮಹಾರಾಜರು 1901ರಿಂದ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರಿಗೆ ಎಂದು ಬೇರೆ ಬೇರೆ ವಸತಿನಿಲಯ ತೆರೆಸಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದ ನಿಲಯ ಹಳ್ಳಿಯ ಬಡ ಹುಡುಗರ ಓದಿಗೆ ಆಸರೆಯಾಯಿತು. ಶಾಹೂ ಅವರನ್ನು ಜಾತಿಗೊಂದು ಬೋರ್ಡಿಂಗ್ ಕಟ್ಟಿ ಜಾತಿಯನ್ನೇ ಗಟ್ಟಿ ಮಾಡಿದರೆಂದು ದೂರುವುದು ಸುಲಭ. ಆದರೆ ಊಟದ ಪಂಕ್ತಿ ಕೂಡುವತನಕ ಕಾಯುತ್ತ ಕೂತಿದ್ದರೆ ಒಂದು ತಲೆಮಾರಿನ ಓದೇ ತಪ್ಪುತ್ತಿತ್ತು.

ಅದೇ ಮಹಾರಾಜರು ಮಾಡಿದ ಇನ್ನೊಂದು ಕೆಲಸ ಹೆಚ್ಚು ಹರಿತವಾದದ್ದು. ನೀರು ಮುಟ್ಟಿದನೆಂದು ಹೊಡೆತ ತಿಂದಿದ್ದ ಗಂಗಾರಾಮ ಕಾಂಬಳೆ ಎಂಬ ಅಸ್ಪೃಶ್ಯ ಚಾಕರನಿಗೆ ಕೊಲ್ಹಾಪುರದ ಪೇಟೆಯಲ್ಲೇ ಚಹಾದಂಗಡಿ ಹಾಕಲು ನೆರವಾದರು. ಗಿರಾಕಿಗಳು ಬರಲಿಲ್ಲ. ಆಗ ತಾವೇ ಹೋಗಿ ಎಲ್ಲರೆದುರು ಅಲ್ಲಿ ಚಹಾ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ನೂರು ಭಾಷಣ ಮಾಡದ ಕೆಲಸವನ್ನು ಒಂದು ಕಪ್ಪು ಚಹಾ ಮಾಡಿತು.

ಏಕೆಂದರೆ ಬೋರ್ಡುಗಳ ಈ ಸಾಲಿನಲ್ಲಿ ಇಲ್ಲದ ಬೋರ್ಡೇ ದೊಡ್ಡದು. ಪ್ರತಿ ಜಾತಿಗೂ ಒಂದು ಒಲೆ ಇದ್ದ ಪೇಟೆಯಲ್ಲಿ ದಲಿತನ ಹೆಸರಿನ ಖಾನಾವಳಿ ಇರಲಿಲ್ಲ. ಹೊರಗೆ ನಿಂತು ಚಹಾ ಕುಡಿದು ತಾನೇ ತೊಳೆದಿಡಬೇಕಾದ ಬೇರೆ ಕಪ್ಪು ಮಾತ್ರ ಇತ್ತು. ಯಹೂದಿಗಳು ತಮಗೆ ಬಾಗಿಲು ಮುಚ್ಚಿದಾಗ ತಮ್ಮದೇ ಹೋಟೆಲು ಕಟ್ಟಿಕೊಂಡರು. ಇಲ್ಲಿ ಬಾಗಿಲಾಚೆ ನಿಂತವನಿಗೆ ಕಟ್ಟಿಕೊಳ್ಳಲು ಜಾಗವೂ ಇರಲಿಲ್ಲ, ಬಂದು ಉಣ್ಣುವವರೂ ಇರಲಿಲ್ಲ. ಇದೇ ಸೀಮೆಗೆ ಹತ್ತಿರದ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ಕುಲ ಕೇಳದ ದಾಸೋಹವನ್ನು ಸಾರಿದ್ದು 12ನೇ ಶತಮಾನದಲ್ಲಿ. ಅವರ ಹೆಸರಿನ ಖಾನಾವಳಿಗಳಲ್ಲಿ ಅದು ಎಲ್ಲರಿಗೂ ನಿಜವಾಗಲು ಸಂವಿಧಾನದ 15ನೇ ವಿಧಿ ಮತ್ತು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬರಬೇಕಾಯಿತು. ಕಾಯ್ದೆ ಬಂದ ಮರುದಿನವೇ ಕಪ್ಪುಗಳು ಒಂದಾದವು ಎಂದೇನೂ ಅಲ್ಲ.

ಬಾಗಿಲು ತೆರೆದ ಮೇಲೆ ಎರಡು ಕಡೆಯ ದಾರಿಗಳು ಬೇರೆಯಾದವು. ಎಲ್ಲ ಹೋಟೆಲುಗಳೂ ಯಹೂದಿಗಳನ್ನು ಕರೆಯತೊಡಗಿದ ಮೇಲೆ, ವಿಮಾನದ ಟಿಕೀಟು ಅಗ್ಗವಾದ ಮೇಲೆ ಅವರ ಮಕ್ಕಳು ಬೇರೆ ಕಡಲುಗಳಿಗೆ ಹೋದರು. ಗ್ರಾಸಿಂಜರ್ಸ್ 1986ರಲ್ಲಿ ಮುಚ್ಚಿತು. ಬೋರ್ನ್‌ಮತ್‌ನ ಗ್ರೀನ್ ಪಾರ್ಕ್ ಕೂಡ ಅದೇ ದಶಕದಲ್ಲಿ. ಖಾನಾವಳಿ ಮಾತ್ರ ಗಿರಾಕಿಯನ್ನೇ ಬದಲಿಸಿಕೊಂಡು ಉಳಿಯಿತು. ಜಾತಿಯ ಹೆಸರು ಮೆನುವಿನ ಹೆಸರಾಯಿತು. ‘ಲಿಂಗಾಯತ’ ಎಂದರೆ ಸಸ್ಯಾಹಾರ, ‘ಸಾವಜಿ’ ಎಂದರೆ ಖಾರದ ಮಟನ್. ಎರಡೂ ಬೋರ್ಡುಗಳು ಈಗ ಬೆಂಗಳೂರಿನಲ್ಲೂ ಇವೆ. ಒಂದು ಕಾಲಕ್ಕೆ ಪರರ ಅಡುಗೆಯಿಂದ ದೂರ ಉಳಿಯಲು ಕಟ್ಟಿಕೊಳ್ಳುತ್ತಿದ್ದ ಕಟಕ ರೊಟ್ಟಿಯನ್ನು ಈಗ ಮಹಿಳಾ ಸಂಘಗಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾರುತ್ತವೆ. ಕೊಳ್ಳುವವರು ದರ ಕೇಳುತ್ತಾರೆ, ತಾಜಾ ಇದೆಯೇ ಎಂದು ಮುರಿದು ನೋಡುತ್ತಾರೆ. ಬಡಿದವಳ ಕುಲ ಕೇಳುವುದಿಲ್ಲ.