ಹೆಸರು ಬದಲಾದಾಗ ಕೇಳುವ ಪ್ರಶ್ನೆ

ರಾಮನಗರದ ಬಂಡೆಗಳಿಗೆ ಭೂವಿಜ್ಞಾನದಲ್ಲಿ ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಹೆಸರು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರನ್ನು ಊರು ಬಿಟ್ಟಿತು, ಕಲ್ಲು ಬಿಡಲಿಲ್ಲ. ಬಿ.ಎಸ್ಸಿ.ಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದ ನನಗೆ ಅದು ರಾಮನಗರವೇ ಎಂದು ತಿಳಿದದ್ದು ಬಹಳ ತಡವಾಗಿ!

2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟವು ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ತೀರ್ಮಾನಿಸಿತು. ಬಂಡವಾಳ ಬರುತ್ತದೆ, ಜಮೀನಿಗೆ ಬೆಲೆ ಬರುತ್ತದೆ ಎಂದರು ಪರವಾಗಿದ್ದವರು. ಊರಿನ ಗುರುತೇ ಅಳಿಯಿತು ಎಂದರು ವಿರೋಧಿಸಿದವರು.

ಪೌರನೀತಿಯ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಜಿಲ್ಲಾ ಕೇಂದ್ರ ಬದಲಾಯಿತೆ? ಇಲ್ಲ, ಅದು ರಾಮನಗರವೇ. ಸರ್ಕಾರದ ತೀರ್ಮಾನವನ್ನು ಓದಿದರೆ ಸಾಕು. ಜಮೀನಿನ ಬೆಲೆ ಏರುವುದೆ? ಅದಕ್ಕೆ ಕೆಲವು ವರ್ಷ ಕಾಯಬೇಕು. ಏರಿದರೂ ಕಾರಣ ಹೆಸರೋ, 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯೋ ಎಂದು ಬಿಡಿಸಿ ನೋಡಬೇಕು. ಪ್ರಯೋಗಾಲಯದಲ್ಲಿ ನಾವು ಮಾಡುತ್ತಿದ್ದುದೂ ಇದನ್ನೇ. ಇನ್ನು ಗುರುತಿನ ಮಾತು ಭಾವನೆಯದು. ಅದನ್ನು ಅಳೆಯಲಾಗದು, ಹಾಗೆಂದು ಸುಳ್ಳೆನ್ನಲೂ ಆಗದು. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಭಾಷಣವನ್ನು ಮಕ್ಕಳು ಬಿಡಿಬಿಡಿಯಾಗಿ ಕೇಳಲು ಕಲಿಯಲಿ.

1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಮಾಗಡಿಯಲ್ಲಿ ಇಂದು ಹತ್ತನೆಯ ತರಗತಿಯಲ್ಲಿ ಕುಳಿತಿರುವ ಹುಡುಗಿಗೆ ಅದಕ್ಕೆ ಇನ್ನು ಎರಡು ಮೂರು ವರ್ಷ.